ಬೆಸ ತಾರೀಖಿನ ಗಾಡಿ

2004ನೇ ಇಸವಿ ಅಕ್ಟೋಬರ್ 31, ಭಾನುವಾರ. ಆ ದಿನವನ್ನೂ ಸೇರಿಸಿದರೆ, ದಕ್ಷಿಣಾಮೂರ್ತಿಯವರು ತಮ್ಮ ಸ್ನೇಹಿತ ದತ್ತಾತ್ರೇಯರಿಗಿಂತ ನೂರ ನಲವತ್ತೊಂಬತ್ತು ದಿನ ಹೆಚ್ಚಾಗಿ ಮೋಟಾರ್ ಸೈಕಲ್ಲನ್ನು ಅನುಭವಿಸಿದ್ದರು. ಗಾಡಿ ಒಂದೇ. ಮಾಲೀಕರು ಇಬ್ಬರು.

1984ರ ಮಾರ್ಚಿನಲ್ಲಿ ಇಬ್ಬರೂ ದೇಶದ ರಾಜಧಾನಿಯಲ್ಲಿ, ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮೇಲೆ ಕೆಳಗೆ ವಾಸವಾಗಿದ್ದರು. ದಕ್ಷಿಣಾಮೂರ್ತಿಯವರು ಅಂಕಿಅಂಶಗಳ ಕಚೇರಿಯಲ್ಲಿ, ದತ್ತಾತ್ರೇಯರು ರೈಲ್ವೆಯಲ್ಲಿ ಗುಮಾಸ್ತರು. ಒಂದು ಸಂಬಳಕ್ಕೆ ಎಟುಕದ ಗಾಡಿ ಎರಡು ಸಂಬಳಕ್ಕೆ ಎಟುಕಿತು. ಯೆಜ್ಡಿ ಮೈಸೂರಿನಲ್ಲಿ ತಯಾರಾಗುತ್ತದೆ ಎಂಬ ಒಂದೇ ಕಾರಣಕ್ಕೆ ಅವರು ಬೇರೆ ಗಾಡಿಯನ್ನು ನೋಡಲೂ ಹೋಗಲಿಲ್ಲ. ರಿಜಿಸ್ಟ್ರೇಷನ್ ದತ್ತಾತ್ರೇಯರ ಹೆಸರಿಗಾಯಿತು. ಅದಕ್ಕೆ ಪ್ರತಿಯಾಗಿ ದಿನಗಳನ್ನು ಆರಿಸಿಕೊಳ್ಳುವ ಹಕ್ಕು ದಕ್ಷಿಣಾಮೂರ್ತಿಯವರಿಗೆ ಬಂತು.

"ಬೆಸ ತಾರೀಖೋ ಸಮ ತಾರೀಖೋ, ನೀನೇ ಹೇಳಪ್ಪ," ಎಂದರು ದತ್ತಾತ್ರೇಯರು.

ದಕ್ಷಿಣಾಮೂರ್ತಿಯವರು ಕೈಯಲ್ಲಿದ್ದ ಕಾಫಿಯನ್ನು ಮುಗಿಸಿ, "ಬೆಸ," ಎಂದರು.

ಕಾಫಿ ಮುಗಿಯುವಷ್ಟರಲ್ಲಿ ಅವರ ಲೆಕ್ಕವೂ ಮುಗಿದಿತ್ತು. ಮೂವತ್ತೊಂದು ದಿನಗಳ ತಿಂಗಳು ವರ್ಷಕ್ಕೆ ಏಳು. ಮೂವತ್ತೊಂದರ ಮರುದಿನ ಒಂದನೇ ತಾರೀಖು, ಎರಡೂ ಬೆಸ. ಹೀಗೆ ವರ್ಷಕ್ಕೆ ಏಳು ದಿನ ಬೆಸದವನಿಗೆ ಹೆಚ್ಚು, ಅಧಿಕ ವರ್ಷದಲ್ಲಿ ಎಂಟು. ದತ್ತುವೂ ಪದವೀಧರನೇ, ಒಂದು ವರ್ಷದೊಳಗೆ ಕಂಡುಹಿಡಿದು ಬೈಯುತ್ತಾನೆ, ನಕ್ಕು ಸರಿಮಾಡಿಕೊಂಡರಾಯಿತು ಎಂದು ಅವರು ಎಣಿಸಿದ್ದರು. ದತ್ತಾತ್ರೇಯರು ಕಂಡುಹಿಡಿಯಲಿಲ್ಲ. ವರ್ಷ ಕಳೆದ ಮೇಲೆ ಹೇಳುವುದು ಕಷ್ಟವಾಯಿತು. ಐದು ವರ್ಷ ಕಳೆದ ಮೇಲೆ ಆಗದ ಮಾತಾಯಿತು. ಈಗ ಇಬ್ಬರ ನಡುವಿನ ಅಂತರ ನೂರ ನಲವತ್ತೊಂಬತ್ತಾದರೆ, ಸಮವಾಗಲು ಒಬ್ಬನು ಇನ್ನೊಬ್ಬನಿಗೆ ಬಿಟ್ಟುಕೊಡಬೇಕಾದದ್ದು ಅದರ ಅರ್ಧ, ಎಪ್ಪತ್ತನಾಲ್ಕೂವರೆ ದಿನ.

ಯಾರೂ ಇನ್ನೊಬ್ಬರ ದಿನವನ್ನು ಕಡ ಕೇಳಕೂಡದು ಎಂಬ ನಿಯಮವನ್ನು ಮೊದಲ ವಾರದಲ್ಲೇ ಮಾಡಿದವರೂ ದಕ್ಷಿಣಾಮೂರ್ತಿಯವರೇ. ಕಡ ಕೊಟ್ಟರೆ ಬರೆದಿಡಬೇಕಾಗುತ್ತದೆ. ಬರೆದಿಟ್ಟದ್ದು ದತ್ತುವಿನ ಕಣ್ಣಿಗೆ ಬೀಳುತ್ತದೆ.

ನಿವೃತ್ತರಾದ ಮೇಲೆ ಇಬ್ಬರೂ ಇಂದಿರಾಪುರಂನ ಒಂದೇ ಸೊಸೈಟಿಯಲ್ಲಿ ಫ್ಲ್ಯಾಟ್ ಕೊಂಡರು, ಒಬ್ಬರು ಬಿ ಟವರಿನಲ್ಲಿ, ಇನ್ನೊಬ್ಬರು ಸಿ ಟವರಿನಲ್ಲಿ. ಅದಕ್ಕೆ ಸ್ನೇಹ ಒಂದು ಕಾರಣ; ಗಾಡಿಯನ್ನು ಎರಡಾಗಿ ಕೊಯ್ಯಲು ಬಾರದಿದ್ದುದು ಇನ್ನೊಂದು. ಬೆಳಿಗ್ಗೆ ಆರು ಗಂಟೆಗೆ ಕೀಲಿಕೈ ಕೈ ಬದಲಾಯಿಸುವ ಪದ್ಧತಿ ಇಲ್ಲಿಯೂ ತಪ್ಪಲಿಲ್ಲ.

ಆ ಭಾನುವಾರ ದತ್ತಾತ್ರೇಯರ ಮಗಳು ಧಾರಿಣಿ ಒಂದು ಫಾರಂ ಹಿಡಿದು ಬಂದಳು. ಇಪ್ಪತ್ತೈದು ವರ್ಷ, ಗುಡಗಾಂವಿನ ಕಂಪನಿಯೊಂದರಲ್ಲಿ ಕೆಲಸ, ರಜಾ ದಿನಗಳಲ್ಲಿ ಹವ್ಯಾಸಿ ಸವಾರರ ಒಂದು ಕ್ಲಬ್ಬು.

"ಮೂರ್ತಿ ಅಂಕಲ್, ಜನವರಿ ಮೂವತ್ತಕ್ಕೆ ಗ್ರೇಟರ್ ನೊಯ್ಡಾದಲ್ಲಿ ರೇಸ್ ಇದೆ. ಇಪ್ಪತ್ತು ವರ್ಷ ದಾಟಿರೋ ಗಾಡಿಗಳದ್ದೇ ಒಂದು ಕ್ಲಾಸ್. ನಮ್ಮ ಯೆಜ್ಡಿ ಬರತ್ತೆ."

"ಇಪ್ಪತ್ತು ವರ್ಷ ಏಳು ತಿಂಗಳು."

"ಗಾಡಿ ಅರ್ಧ ನಿಮ್ದು, ನಿಮ್ಮನ್ನ ಕೇಳು ಅಂದ್ರು ಅಪ್ಪ. ಮನಾ ಮತ್ ಕರ್ನಾ ಅಂಕಲ್. ಪ್ಲೀಸ್, ಬೇಡ ಅನ್ಬೇಡಿ."

"ಮೂವತ್ತು ಸಮ ತಾರೀಖು. ಅದು ನಿಮ್ಮಪ್ಪನ ದಿನ."

"ಅಪ್ಪ ಕೊಡ್ತಾರೆ."

"ಹಾಗಂತ ಬಾಯಿಬಿಟ್ಟು ಹೇಳಿದನೋ?"

ಧಾರಿಣಿ ಫಾರಂ ಮಡಿಸಿದಳು. "ಗಾಡಿ ರೆಡಿಯಾಗ್ಲಿ, ಆಮೇಲೆ ನೋಡೋಣ ಅಂದ್ರು."

ಮೂವತ್ತೈದು ವರ್ಷ ಸರ್ಕಾರಿ ಕೆಲಸ ಮಾಡಿದವರಿಗೆ 'ಆಮೇಲೆ ನೋಡೋಣ' ಎಂಬುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಫಾರಂನಲ್ಲಿ ಮಾಲೀಕರ ಸಹಿಯ ಜಾಗ ಖಾಲಿ ಇತ್ತು. ಮೂವತ್ತನೇ ತಾರೀಖನ್ನು ದತ್ತು ಬಿಡದಿದ್ದರೆ ಈ ಹುಡುಗಿ ರಸ್ತೆಗಿಳಿಯುವಂತಿಲ್ಲ. ಬಿಡು ಎಂದು ಕೇಳಬೇಕಾದವರು ತಾವು. ತಾವೋ, ಎಪ್ಪತ್ತನಾಲ್ಕೂವರೆ ದಿನದ ಸಾಲವನ್ನು ಬಚ್ಚಿಟ್ಟುಕೊಂಡವರು. ಆ ಸಾಲವನ್ನು ಹೇಳದೆ ಮೇಲೊಂದು ದಿನ ಕೇಳುವುದು ಅಂಕಗಣಿತಕ್ಕೂ ಒಪ್ಪುವ ಕೆಲಸವಾಗಿರಲಿಲ್ಲ.

"ರಸ್ತೆಯ ನಕ್ಷೆ ಇದೆಯೋ?" ಎಂದಷ್ಟೇ ಕೇಳಿದರು.

ನಕ್ಷೆ ಇತ್ತು. ಬಿಲ್ಡರನೊಬ್ಬ ಮನೆ ಕಟ್ಟುವ ಮೊದಲೇ ರಸ್ತೆ ಹಾಕಿ ಬಿಟ್ಟಿದ್ದ ಬಡಾವಣೆ. ಒಂದು ಸುತ್ತು ಸಾವಿರದ ಎಂಟುನೂರ ಐವತ್ತು ಮೀಟರು, ತಿರುವು ಏಳು, ಸುತ್ತು ಹತ್ತು. ಮರುದಿನ ಸೋಮವಾರ, ಮೆಕ್ಯಾನಿಕರ ಪೇಟೆಯಾದ ಕರೋಲ್ ಬಾಗಿಗೆ ವಾರದ ರಜೆ. ಆದ್ದರಿಂದ ದಕ್ಷಿಣಾಮೂರ್ತಿಯವರು ಅಂದೇ ಧಾರಿಣಿಯನ್ನು ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೊರಟರು.

ಕೀರತ್ ಸಿಂಗ್ ಎಂಬ ಸರ್ದಾರ್ಜಿ ಹದಿನೆಂಟು ವರ್ಷಗಳಿಂದ ಆ ಗಾಡಿಯನ್ನು ನೋಡಿಕೊಂಡಿದ್ದ ಮೆಕ್ಯಾನಿಕ್. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ವೈದ್ಯರಂತೆ ನಿಂತರು. ದಕ್ಷಿಣಾಮೂರ್ತಿಯವರು ನೋಟ್‌ಬುಕ್ ತೆರೆದು, ಅತಿ ಉದ್ದದ ನೇರ ದಾರಿ ನಾನೂರ ಹತ್ತು ಮೀಟರೇ ಆದ್ದರಿಂದ ಗಾಡಿ ತನ್ನ ಪೂರ್ತಿ ವೇಗವನ್ನು ಮುಟ್ಟುವ ಪ್ರಶ್ನೆಯೇ ಇಲ್ಲವೆಂದೂ, ತಿರುವಿನಿಂದ ಬೇಗ ಏಳುವ ಶಕ್ತಿಯೇ ಮುಖ್ಯವೆಂದೂ, ಹಿಂದಿನ ಚಕ್ರದಲ್ಲಿ ಚೈನು ಸುತ್ತುವ ಸ್ಪ್ರಾಕೆಟ್ಟಿಗೆ ಎರಡು ಹಲ್ಲು ಹೆಚ್ಚಿರಬೇಕೆಂದೂ ಸಾಧಿಸಿ ತೋರಿಸಿದರು.

"ಬಾವೂಜೀ, ಎಂಜಿನ್ ಕಾನ್ ಸೇ ಚಲ್ತಾ ಹೈ, ಕಾಪೀ ಸೇ ನಹೀಂ," ಎಂದರು ಸರ್ದಾರ್ಜಿ ಕಣ್ಣು ತೆರೆಯದೆ. ಎಂಜಿನ್ನು ನಡೆಯುವುದು ಕಿವಿಯಿಂದ, ನೋಟ್‌ಬುಕ್ಕಿನಿಂದಲ್ಲ ಎಂಬುದು ಅವರ ಸಿದ್ಧಾಂತ. ಆದರೂ ಎರಡು ಹಲ್ಲು ಹೆಚ್ಚಿದ್ದ ಸ್ಪ್ರಾಕೆಟ್ಟನ್ನು ಎಲ್ಲಿಂದಲೋ ಹುಡುಕಿ ತಂದರು. ತಂದದ್ದು ತಮ್ಮ ಕಿವಿ ಹೇಳಿದ್ದರಿಂದ ಎಂದು ಸ್ಪಷ್ಟಪಡಿಸಿದರು.

ಎಂಬತ್ತೊಂಬತ್ತು ದಿನ ಗಾಡಿ ಕರೋಲ್ ಬಾಗಿನಲ್ಲಿತ್ತು. ಬಿಚ್ಚಿಟ್ಟ ಗಾಡಿ ಯಾರದೂ ಅಲ್ಲವೆಂದು ತೀರ್ಮಾನಿಸಿ, ಆ ದಿನಗಳನ್ನು ದಕ್ಷಿಣಾಮೂರ್ತಿಯವರು ಯಾರ ಬಾಬಿಗೂ ಹಿಡಿಯಲಿಲ್ಲ. ಸಿಲಿಂಡರನ್ನು ಕೊರೆಸಿ ಹೊಸ ಪಿಸ್ಟನ್ ಹಾಕಿದರು. ಬ್ರೇಕಿನ ಲೈನರು, ಕ್ಲಚ್ಚಿನ ಪ್ಲೇಟು, ಎರಡು ಟಯರು ಹೊಸದಾದವು. ಸರ್ದಾರ್ಜಿ ಬೆಳಗಿನ ಹೊತ್ತು ರಿಡ್ಜ್ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರು ಮೆಲ್ಲಗೆ ಓಡಿಸಿ ಪಿಸ್ಟನ್ನನ್ನು ಪಳಗಿಸಿದರು. ಆಮೇಲೆ ತೂಕದ ಸರದಿ. ಕ್ಯಾರಿಯರು, ಸೀರೆ ಗಾರ್ಡು, ಹೆಂಗಸರ ಕಾಲು ಮೆಟ್ಟು, ಎರಡು ಸ್ಟ್ಯಾಂಡು, ಕನ್ನಡಿ, ಹಾರ್ನು, ಟೂಲ್ ಬಾಕ್ಸು ಕಳಚಿ ಬಂದವು. ಪಕ್ಕದ ಗುಜರಿ ಅಂಗಡಿಯ ಕಬಾಡಿಯವನ ತಕ್ಕಡಿಯಲ್ಲಿ ತೂಗಿದಾಗ ಹನ್ನೊಂದು ಕಿಲೋ ಮುನ್ನೂರ ಐವತ್ತು ಗ್ರಾಂ. ಗಾಡಿ ಮತ್ತು ಧಾರಿಣಿಯ ಒಟ್ಟು ತೂಕದಲ್ಲಿ ಅದು ನೂರಕ್ಕೆ ಆರು ಭಾಗ. ಕಬಾಡಿಯವನು ಅವೆಲ್ಲವೂ ತನಗೇ ಬಂದವೆಂದು ತಿಳಿದು ಚೀಲ ತೆರೆದಿದ್ದ. ದಕ್ಷಿಣಾಮೂರ್ತಿಯವರು ಅವನ್ನು ಬಟ್ಟೆಯಲ್ಲಿ ಕಟ್ಟಿ ಮನೆಗೆ ತಂದು ಮಂಚದ ಕೆಳಗಿಟ್ಟರು.

"ಏನೂಂದ್ರೆ," ಎಂದರು ಅವರ ಹೆಂಡತಿ ಸುಶೀಲಾ, ಕಸ ಗುಡಿಸಲು ಬಗ್ಗಿದವರು. "ಗಾಡಿ ಅಲ್ಲಿ ಸಣ್ಣಗಾದಷ್ಟೂ ನಮ್ಮ ಮಂಚದ ಕೆಳಗೆ ದಪ್ಪ ಆಗ್ತಿದೆ. ಇದೆಲ್ಲ ಸೇರಿ ಇನ್ನೊಂದು ಗಾಡಿಯಾಗಿ ಒಂದು ದಿನ ಮೈಸೂರಿಗೆ ಹೊರಡತ್ತೆ ನೋಡಿ."

ಜನವರಿ 29, ಶನಿವಾರ, ಗಾಡಿ ಟೆಂಪೋದಲ್ಲಿ ಮನೆಗೆ ಬಂತು. ಬೆಸ ತಾರೀಖು. ಸ್ಟ್ಯಾಂಡಿಲ್ಲದ್ದರಿಂದ ಪಾರ್ಕಿಂಗಿನ ಕಂಬಕ್ಕೆ ಒರಗಿಸಿದರು. ದತ್ತಾತ್ರೇಯರು ಕೆಳಗಿಳಿದು ಬಂದು, ಸುತ್ತಲೂ ಒಮ್ಮೆ ನೋಡಿ, "ಚೆನ್ನಾಗಿದೆ," ಎಂದರು. "ನಾಳೆ ಆರು ಗಂಟೆಗೆ ಕೀಲಿಕೈ ಕೊಡು. ಐ.ಎನ್.ಎ. ಮಾರ್ಕೆಟ್ಟಿಗೆ ಹೋಗ್ಬೇಕು. ಕರಿಬೇವು ಮುಗಿದಿದೆ."

"ಕರಿಬೇವಿಗೆ ಅಷ್ಟು ದೂರವೋ? ಸ್ಟ್ಯಾಂಡಿಲ್ಲ, ಹಾರ್ನಿಲ್ಲ ಇದಕ್ಕೆ."

"ಗೋಡೆಗೆ ಒರಗಿಸ್ತೀನಿ. ಬಾಯಲ್ಲಿ ಕೂಗ್ತೀನಿ. ನಾಳೆ ನನ್ನ ದಿನ ತಾನೆ?"

ಧಾರಿಣಿ ಕಂಬದ ಹಿಂದೆ ನಿಂತು ಹೆಲ್ಮೆಟ್ಟಿನ ಗಾಜನ್ನು ಒರೆಸುತ್ತಿದ್ದಳು. ಆಗಲೇ ಶುಭ್ರವಾಗಿದ್ದ ಗಾಜು ಅದು.

ಸಂಜೆ ಐದೂವರೆಗೆ ದಕ್ಷಿಣಾಮೂರ್ತಿಯವರು ಸಿ ಟವರಿನ ಆರನೇ ಮಹಡಿ ಹತ್ತಿದರು. ಲಿಫ್ಟ್ ಇತ್ತು; ಮೆಟ್ಟಿಲು ಹತ್ತಿದರು. ದತ್ತಾತ್ರೇಯರು ಟಿ.ವಿ.ಯಲ್ಲಿ ವಾರ್ತೆ ನೋಡುತ್ತಿದ್ದರು. ಧಾರಿಣಿ ಊಟದ ಮೇಜಿನ ಬಳಿ ಕುಳಿತಿದ್ದಳು. ದಕ್ಷಿಣಾಮೂರ್ತಿಯವರು ಕುಳಿತುಕೊಳ್ಳದೆ ಹೇಳಿದರು:

"ದತ್ತು, ನಾನು ನಿನಗೆ ಎಪ್ಪತ್ತನಾಲ್ಕೂವರೆ ದಿನ ಕೊಡಬೇಕು."

"ಯಾತರದ್ದು?"

"ಗಾಡಿಯದು. ಬೆಸ ತಾರೀಖು ಸಮ ತಾರೀಖಿಗಿಂತ ಹೆಚ್ಚು."

"ಅದ್ಹೇಗೆ? ತಿಂಗಳಿಗೆ ಹದಿನೈದು ಹದಿನೈದು."

"ಮೂವತ್ತೊಂದರ ಮರುದಿನ ಯಾವ ತಾರೀಖು?"

ದತ್ತಾತ್ರೇಯರು ಟಿ.ವಿ. ಆರಿಸಿದರು. ಎಡಗೈ ಮುಷ್ಟಿ ಕಟ್ಟಿ, ಬೆರಳ ಗೆಣ್ಣುಗಳ ಮೇಲೆ ಜನವರಿಯಿಂದ ಎಣಿಸತೊಡಗಿದರು. ಡಿಸೆಂಬರಿಗೆ ಬಂದು, ಮತ್ತೆ ಮೊದಲಿನಿಂದ ಎಣಿಸಿದರು. ಆಮೇಲೆ ಮುಷ್ಟಿಯನ್ನು ಬಿಡಿಸದೆ ಮಡಿಲಲ್ಲಿಟ್ಟುಕೊಂಡರು.

"ಯಾವಾಗ ಗೊತ್ತಾಯ್ತು ನಿಂಗೆ?"

"ದಿನ ಆರಿಸೋ ಮೊದಲೇ."

"ಕಳ್ಳ," ಎಂದರು ದತ್ತಾತ್ರೇಯರು. ಅಷ್ಟೇನೂ ಸಿಟ್ಟಿಲ್ಲದ ದನಿ. ಇದ್ದಕ್ಕಿದ್ದಂತೆ ತಲೆಯೆತ್ತಿದರು. "ತೊಂಬತ್ತೆರಡನೇ ಇಸವಿ ಆಗಸ್ಟ್ ಒಂದು."

ದಕ್ಷಿಣಾಮೂರ್ತಿಯವರು ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು.

"ಶನಿವಾರ. ಇವಳಿಗೆ ಹದಿಮೂರು ವರ್ಷ. ಸ್ಟೇಡಿಯಂನಲ್ಲಿ ಸ್ಕೂಲ್ ಮಕ್ಕಳ ಸೈಕಲ್ ರೇಸಿಗೆ ಸೆಲೆಕ್ಷನ್. ಸೈಕಲ್ ಅಲ್ಲೇ ಕೊಡ್ತಿದ್ರು, ನಾವು ಹೊತ್ತಿಗೆ ಮುಟ್ಟಿದ್ರೆ ಸಾಕಿತ್ತು. ಬೆಳಿಗ್ಗೆ ನಿಮ್ಮನೆ ಬಾಗಿಲಿಗೆ ಬಂದು ಗಾಡಿ ಕೇಳ್ದೆ. ನೀನೇನಂದೆ?"

"ನಿಯಮ ನಿಯಮವೇ ಅಂದೆ."

"ಬಸ್ಸಲ್ಲಿ ಹೋದ್ವಿ. ನಲವತ್ತು ನಿಮಿಷ ತಡ. ಗೇಟ್ ಹಾಕ್ಬಿಟ್ಟಿದ್ರು. ನೀನು ಅವತ್ತು ಗಾಡಿಲಿ ಎಲ್ಲಿಗೆ ಹೋಗಿದ್ದೆ, ಮೂರ್ತಿ?"

"ಎಲ್ಲಿಗೂ ಇಲ್ಲ. ಕವರ್ ಹಾಕಿ ಕೆಳಗೆ ನಿಲ್ಲಿಸಿದ್ದೆ. ಕಡ ಕೊಟ್ಟರೆ ಲೆಕ್ಕ ಹೊರಗೆ ಬರುತ್ತಿತ್ತು."

ಧಾರಿಣಿ ಎದ್ದು ಒಳಗೆ ಹೋಗಲಿಲ್ಲ.

"ನಿನ್ನ ಎಪ್ಪತ್ತನಾಲ್ಕೂವರೆ ಯಾರಿಗೆ ಬೇಕು?" ಎಂದರು ದತ್ತಾತ್ರೇಯರು. "ನನಗೆ ಆ ಒಂದು ದಿನ ಕೊಡು."

"ಅದನ್ನ ಕೊಡೋಕೆ ಬರಲ್ಲ."

"ಹಾಂ. ಬರಲ್ಲ." ಅವರು ಎದ್ದು ಕಿಟಕಿಯವರೆಗೆ ಹೋದರು. ಹೊರಗೆ ಮಂಜು ಇಳಿಯತೊಡಗಿತ್ತು. "ನೀನು ಎಲ್ಲಾನೂ ಲೆಕ್ಕ ಹಾಕೋನು. ನಾಳೆ ಇವಳು ಬೀಳೋ ಸಾಧ್ಯತೆ ಎಷ್ಟು ನಿನ್ನ ಲೆಕ್ಕದಲ್ಲಿ?"

"ಗೊತ್ತಿಲ್ಲ," ಎಂದರು ದಕ್ಷಿಣಾಮೂರ್ತಿಯವರು. ಒಂದು ಸಂಖ್ಯೆಯನ್ನು ಕೇಳಿದಾಗ ಅವರು ಹಾಗೆ ಉತ್ತರಿಸಿದ್ದನ್ನು ದತ್ತಾತ್ರೇಯರು ಮೂವತ್ತು ವರ್ಷಗಳಲ್ಲಿ ಕೇಳಿರಲಿಲ್ಲ. ಅವರು ತಿರುಗಿ ಸ್ನೇಹಿತನ ಮುಖವನ್ನು ನೋಡಿದರು.

"ನಾಳೆ ನಾನು ಬೇಡ ಅಂದ್ರೆ ಗೇಟ್ ಹಾಕಿದೋರ ಪಟ್ಟೀಲಿ ನನ್ನ ಹೆಸರೂ ಬರತ್ತೆ. ನಿನ್ನ ಪಕ್ಕದಲ್ಲಿ ನನ್ನ ಹೆಸರು ಬೇಡ," ಎಂದರು. "ಧಾರಿಣೀ, ಆ ಫಾರಂ ತಗೊಂಡ್ಬಾ. ಪೆನ್ನೂ ತಾ. ಏಯ್ ಮೂರ್ತಿ, ನಿಂಗೆ ಕೊಡ್ತಿಲ್ಲ ನಾನು. ನನ್ನ ದಿನಾನ ನನ್ನ ಮಗಳಿಗೆ ಕೊಡ್ತಿದ್ದೀನಿ. ಬರ್ಕೋಬೇಡ ಎಲ್ಲೂ."

ಮೂವತ್ತರ ಬೆಳಿಗ್ಗೆ ಆರಕ್ಕೆ ಕೀಲಿಕೈ ಪದ್ಧತಿಯಂತೆ ದತ್ತಾತ್ರೇಯರ ಕೈ ಸೇರಿತು. ರೇಸು ಒಂಬತ್ತಕ್ಕೆಂದು ಗೊತ್ತಾಗಿತ್ತು. ಒಂಬತ್ತಕ್ಕೆ ಬಡಾವಣೆಯಲ್ಲಿ ತಿರುವುಗಳೂ ಕಾಣಿಸಲಿಲ್ಲ, ಅಲ್ಲಿ ಪೇರಿಸಿದ್ದ ಹುಲ್ಲಿನ ಪಿಂಡಿಗಳೂ ಕಾಣಿಸಲಿಲ್ಲ. ಮಂಜು ಏಳುವಾಗ ಗಂಟೆ ಹನ್ನೆರಡೂವರೆ. ಒಂದಕ್ಕೆ ಶುರು ಎಂದು ಸಾರಿದರು.

ಧಾರಿಣಿ ಕಿಕ್ ಹೊಡೆದು ಎಂಜಿನ್ ಎಬ್ಬಿಸಿದಳು. ಸರ್ದಾರ್ಜಿ ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಲೂ ಇಲ್ಲ. "ಖಾಂಸ್ ರಹಾ ಹೈ," ಎಂದರು, ಕೆಮ್ಮುತ್ತಿದೆ. ಕಾರ್ಬುರೇಟರಿನೊಳಗೆ ಪೆಟ್ರೋಲು ಹಾಯುವ ಹಿತ್ತಾಳೆಯ ಸಣ್ಣ ಜೆಟ್ಟನ್ನು ದಕ್ಷಿಣಾಮೂರ್ತಿಯವರು ಬೆಳಗಿನ ಏಳು ಡಿಗ್ರಿಯ ದಟ್ಟ ಗಾಳಿಗೆ ಲೆಕ್ಕ ಹಾಕಿ ದೊಡ್ಡದನ್ನೇ ಆರಿಸಿದ್ದರು. ಈಗ ಹದಿನೇಳು ಡಿಗ್ರಿ. ಅವರು ನೋಟ್‌ಬುಕ್ ತೆರೆದರು. ಗಾಳಿ ನೂರಕ್ಕೆ ಮೂರೂವರೆ ಭಾಗ ತೆಳುವಾಗಿದೆ, ಪೆಟ್ರೋಲು ಹೆಚ್ಚಾಗುತ್ತಿದೆ, ಚಿಕ್ಕ ಜೆಟ್ ಬೇಕು ಎಂದು ಸಿದ್ಧವಾಗುವ ಹೊತ್ತಿಗೆ ಸರ್ದಾರ್ಜಿ ಜೇಬಿನಿಂದ ಚಿಕ್ಕ ಜೆಟ್ಟನ್ನು ತೆಗೆದು ಹಾಕಿ, ಕೈ ಒರೆಸಿಕೊಂಡು, ಚಹಾ ತರಿಸಿ ಅರ್ಧ ಕುಡಿದಿದ್ದರು.

"ಕಾಪೀ ಕ್ಯಾ ಬೋಲೀ, ಬಾವೂಜೀ?" ನೋಟ್‌ಬುಕ್ ಏನೆಂದಿತು ಎಂದು ಕೇಳಿದರು.

"ವಹೀ," ಎಂದರು ದಕ್ಷಿಣಾಮೂರ್ತಿಯವರು. ಅದೇ.

ಹನ್ನೊಂದು ಗಾಡಿಗಳು ಸಾಲಾಗಿ ನಿಂತವು. ಚೀಟಿ ಎತ್ತಿದ್ದರಲ್ಲಿ ಧಾರಿಣಿಗೆ ಒಂಬತ್ತನೆಯ ಜಾಗ ಬಂದಿತ್ತು. ಬಾವುಟ ಬೀಳುವ ಮೊದಲೇ ದತ್ತಾತ್ರೇಯರು ರಸ್ತೆಗೆ ಬೆನ್ನು ಮಾಡಿ, ಕಟ್ಟದೆ ಬಿಟ್ಟ ಮನೆಗಳ ಸೈಟುಗಳನ್ನು ನೋಡುತ್ತ ನಿಂತರು.

"ನಾನು ನೋಡಲ್ಲ. ನೀನು ಎಣಿಸು. ಜೋರಾಗಿ ಹೇಳು."

ದಕ್ಷಿಣಾಮೂರ್ತಿಯವರು ಸ್ಟಾಪ್‌ವಾಚ್ ಹಿಡಿದು ಎಣಿಸಿದರು. ಒಂದು ಸುತ್ತಿಗೆ ಒಂದು ನಿಮಿಷ ಮೂವತ್ತೆಂಟು ಸೆಕೆಂಡು. "ಒಂದು," ಎಂದರು. "ಎರಡು." ಎರಡು ಹಲ್ಲಿನ ಗುಣ ತಿರುವುಗಳಲ್ಲಿ ಕಾಣುತ್ತಿತ್ತು, ಪ್ರತಿ ತಿರುವಿನಿಂದಲೂ ಅವಳು ಮುಂದಿನವನ ಹಿಂದಿನ ಚಕ್ರಕ್ಕೆ ಅಂಟಿಕೊಂಡ ಹಾಗೆ ಎದ್ದು ಬರುತ್ತಿದ್ದಳು. "ಮೂರು. ಏಳನೇ ಜಾಗ. ನಾಲ್ಕು. ಐದು. ಆರನೇ ಜಾಗ."

ಆಮೇಲೆ ಮೂರನೆಯ ತಿರುವಿನಲ್ಲಿ ಧೂಳೆದ್ದಿತು. ಜನ ಆ ಕಡೆ ಓಡಿದರು. ಗಡಿಯಾರ ಒಂದು ನಿಮಿಷ ಮೂವತ್ತೆಂಟನ್ನು ದಾಟಿತು. ನಲವತ್ತೆರಡು, ನಲವತ್ತೈದು.

"ಎಷ್ಟಾಯ್ತು?" ಎಂದರು ದತ್ತಾತ್ರೇಯರು, ತಿರುಗದೆ.

ದಕ್ಷಿಣಾಮೂರ್ತಿಯವರು ಗಡಿಯಾರದಿಂದ ಧೂಳಿನ ಕಡೆಗೆ ಕಣ್ಣು ಹಾಯಿಸಿದರು.

"ಮೂರ್ತೀ, ಎಷ್ಟಾಯ್ತೋ?"

ಧೂಳನ್ನು ದಾಟಿದ ಒಂದು ಗಾಡಿ ಗೆರೆಗೆ ಬಂತು, ಅದು ಅವಳದಲ್ಲ. ಅದರ ಹಿಂದೆ ಇನ್ನೊಂದು, ಅವಳದು. ಒಂದು ನಿಮಿಷ ಐವತ್ತೊಂದು.

"ಆರು," ಎಂದರು ದಕ್ಷಿಣಾಮೂರ್ತಿಯವರು. ಅವರ ದನಿ ಅಷ್ಟೊಂದು ಜೋರಾಗಿ ಬಂದದ್ದಕ್ಕೆ ಸರ್ದಾರ್ಜಿ ಚಹಾದ ಲೋಟ ಕೆಳಗಿಟ್ಟರು. ಬಿದ್ದಿದ್ದವನು ಬೇರೊಬ್ಬ, ಎದ್ದು ಕುಂಟುತ್ತ ತನ್ನ ಗಾಡಿಯನ್ನು ಬೈಯುತ್ತಿದ್ದ. ಉಳಿದ ನಾಲ್ಕು ಸುತ್ತುಗಳಲ್ಲಿ ಹೇಳುವಂಥದ್ದು ನಡೆಯಲಿಲ್ಲ. ಧಾರಿಣಿ ಐದನೆಯವಳಾಗಿ ಮುಗಿಸಿದಳು. "ಹತ್ತು," ಎಂದ ಮೇಲೆ ದತ್ತಾತ್ರೇಯರು ಈ ಕಡೆ ತಿರುಗಿ, ಬಹಳ ಹೊತ್ತು ಮೂಗು ಒರೆಸಿಕೊಂಡರು. ಚಳಿ ಎಂದರು.

ಮರುದಿನ ಮೂವತ್ತೊಂದು, ಬೆಸ. ದಕ್ಷಿಣಾಮೂರ್ತಿಯವರು ಮಂಚದ ಕೆಳಗಿನ ಗಂಟನ್ನು ಪಾರ್ಕಿಂಗಿಗೆ ತಂದು, ಹನ್ನೊಂದು ಕಿಲೋ ಮುನ್ನೂರ ಐವತ್ತು ಗ್ರಾಂ ಸಾಮಾನನ್ನು ಒಂದೊಂದಾಗಿ ಮತ್ತೆ ಗಾಡಿಗೆ ಕೂರಿಸಿದರು. ಸಂಜೆಯಾಯಿತು. ಬಿಚ್ಚಿಟ್ಟ ಗಾಡಿ ಯಾರದೂ ಅಲ್ಲ. ಆ ದಿನ ಲೆಕ್ಕಕ್ಕೆ ಬರಲಿಲ್ಲ.

ಫೆಬ್ರವರಿ ಒಂದು, ಮಂಗಳವಾರ, ಮೂವತ್ತೊಂದರ ಮರುದಿನದ ಬೆಸ. ಬೆಳಿಗ್ಗೆ ಆರಕ್ಕೆ ಅವರು ಸಿ ಟವರಿಗೆ ಹೋದರು. ಬಾಗಿಲು ತೆರೆದವಳು ಧಾರಿಣಿ.

"ಇವತ್ತು ಒಂದನೇ ತಾರೀಖು," ಎಂದು ಕೀಲಿಕೈ ಚಾಚಿದರು.

ಅವಳು ಕೀಲಿಕೈಯನ್ನೂ ಅವರನ್ನೂ ನೋಡಿದಳು. "ಆಫೀಸ್ ಕ್ಯಾಬ್ ಬರತ್ತೆ ಅಂಕಲ್." ಆಮೇಲೆ, "ಚಲೋ, ಕ್ಯಾಬ್ ಬೇಡ ಅಂತ ಫೋನ್ ಮಾಡ್ತೀನಿ," ಎಂದು ತೆಗೆದುಕೊಂಡಳು. "ಹಾರ್ನ್ ಹಾಕಿದ್ದೀರಾ?"

"ಹಾಕಿದ್ದೇನೆ. ಸೀರೆ ಗಾರ್ಡೂ ಹಾಕಿದ್ದೇನೆ."

ಏಳೂವರೆಗೆ ಗಾಡಿ ಗೇಟು ದಾಟಿತು. ಗೇಟಿನ ಪಕ್ಕದ ಬೆಂಚಿನ ಮೇಲೆ ದತ್ತಾತ್ರೇಯರು ಪತ್ರಿಕೆ ಓದುತ್ತಿದ್ದರು. ದಕ್ಷಿಣಾಮೂರ್ತಿಯವರು ಹೋಗಿ ಪಕ್ಕದಲ್ಲಿ ಕುಳಿತರು.

"ಎಷ್ಟಾಯ್ತು?" ಎಂದರು ದತ್ತಾತ್ರೇಯರು ಪತ್ರಿಕೆಯಿಂದ ಕಣ್ಣೆತ್ತದೆ.

"ಎಪ್ಪತ್ತಮೂರೂವರೆ."

"ಆ ಅರ್ಧ ಯಾವಾಗ ಹೋಗತ್ತೆ?"

"ಮಾರ್ಚ್ ಮೂವತ್ತೊಂದಕ್ಕೆ. ಅದು ಜೋಡಿಯಿಲ್ಲದ ದಿನ. ಅರ್ಧ ಹೇಗೂ ನಿನ್ನದು, ಇನ್ನರ್ಧ ನಾನು ಬಿಡ್ತೇನೆ."

ದತ್ತಾತ್ರೇಯರು ಪುಟ ತಿರುಗಿಸಿದರು. "ಮತ್ತೆ ಆ ಆಗಸ್ಟ್ ಒಂದು?"

ದಕ್ಷಿಣಾಮೂರ್ತಿಯವರು ಗೇಟಿನ ಕಡೆ ನೋಡುತ್ತಿದ್ದರು. ಹೆದ್ದಾರಿಯ ಸದ್ದಿನಲ್ಲಿ ಗಾಡಿಯ ಸದ್ದು ಆಗಲೇ ಸೇರಿಹೋಗಿತ್ತು.

"ಅದು ಬಾಕಿ," ಎಂದರು.